ಕೆಂಪು ಗೆರೆಯ ಕೆಳಗೆ ಸಿಕ್ಕಿದ ನನ್ನ ಮಾತು

ದ್ವಾರಕಾದ ಒಂದು ಸೊಸೈಟಿಯಲ್ಲಿ, ಏಳನೇ ಮಹಡಿಯ ಮನೆಯ ಬಚ್ಚಲಲ್ಲಿ ನೀರು ಹದ ಮಾಡುತ್ತಿದ್ದೆ. ಕೂಸು ಕೆಮ್ಮಿದ್ದು ಕೇಳಿಸಿತು. ಅದು ಹಾಲು ನೆತ್ತಿಗೇರಿದ ಕೆಮ್ಮಲ್ಲ. ಕೈ ಒರೆಸಿಕೊಳ್ಳದೆ ಹೊರಗೆ ಬಂದೆ. ಕೂಸಿನ ಅಪ್ಪ ಎಣ್ಣೆಯ ಬಟ್ಟಲು ಪಕ್ಕದಲ್ಲಿಟ್ಟುಕೊಂಡು, ಹತ್ತಿ ಅದ್ದಿ, ಮೂಗಿನ ಹೊಳ್ಳೆಗೆ ಎಣ್ಣೆ ಬಿಟ್ಟಿದ್ದ. ಕೂಸನ್ನು ಕಿತ್ತುಕೊಂಡು, ತೋಳಿನ ಮೇಲೆ ಬೋರಲು ಹಾಕಿ ಬೆನ್ನು ತಟ್ಟಿದೆ. ಬಾಯಿಂದ ಸ್ವಲ್ಪ ಎಣ್ಣೆ ಬಂತು. ಆಮೇಲೆ ಜೋರಾಗಿ ಅತ್ತಿತು. ಅತ್ತರೆ ಭಯವಿಲ್ಲ.

"ಯಾರು ಹೇಳಿದ್ದು ನಿನಗೆ ಇದನ್ನ?" ಎಂದೆ.

ಅವನು ನನಗಿಂತ ಹೆದರಿದ್ದ. ದೆಹಲಿಯಲ್ಲೇ ಬೆಳೆದ ಹುಡುಗ, ಬಾಯಲ್ಲಿ ಕನ್ನಡ ಅರ್ಧ, ಹಿಂದಿ ಅರ್ಧ. "ಅಜ್ಜಿ, ನೀವೇ ತೋ ಹೇಳಿದ್ದೀರಿ. ನಿಮ್ಮ ಬುಕ್‌ನಲ್ಲಿದೆ. ಫೋಟೋ ಭೀ ಇದೆ, ನೋಡಿ," ಎಂದು ಫೋನು ಹಿಡಿದ.

ನನ್ನ ಮುಖವೇ. ಹಸಿರು ಸೀರೆ, ತೊಡೆಯ ಮೇಲೆ ಯಾರದೋ ಕೂಸು. ಕೆಳಗೆ ಇರುವೆ ಸಾಲಿನಂಥ ಅಕ್ಷರ. ನನ್ನನ್ನು ಮೂರನೇ ಕ್ಲಾಸಿಗೆ ಶಾಲೆ ಬಿಡಿಸಿದರು. ದಪ್ಪ ಅಕ್ಷರವಾದರೆ ಕೂಡಿಸಿಕೊಂಡು ಓದುತ್ತೇನೆ, ಇದು ಆಗಲಿಲ್ಲ. ಮಲಗಿದ್ದ ಬಾಣಂತಿಗೆ ಓದಲು ಹೇಳಿದೆ. ಅವಳು ಓದಿದಳು. ದಿನಾ ನೀರೆರೆಯುವ ಮೊದಲು ಮಗುವಿನ ಮೂಗಿಗೂ ಕಿವಿಗೂ ಇಂಥ ಎಣ್ಣೆಯ ಹನಿ ಬಿಡಿ, ಇದು ಅಜ್ಜಿಯ ಗುಟ್ಟು. ಹುಟ್ಟಿದ ಮಗುವಿನ ನಾಲಗೆಗೆ ಜೇನು ಸವರಿ, ಇದು ಅಜ್ಜಿಯ ಗುಟ್ಟು. ಬಾಗಿಲು ಕಿಟಕಿ ಮುಚ್ಚಿ ಕೋಣೆಯ ತುಂಬ ಸಾಂಬ್ರಾಣಿ ಹೊಗೆ ಹಾಕಿ, ಇದೂ ಅಜ್ಜಿಯ ಗುಟ್ಟು. ಎಣ್ಣೆಯದೂ ಲೇಹ್ಯದ್ದೂ ಒಂದೇ ಕಂಪನಿಯ ಹೆಸರು, ಪುಟಪುಟಕ್ಕೂ. ಅಚ್ಚಾಗುವ ಮೊದಲೇ ಕಂಪನಿಯವರು ಫೋನಿಗೆ ಹಂಚುತ್ತಿರುವ ನಮೂನೆಯಂತೆ, ನನಗೂ ಕಳಿಸು ಎಂದೆ.

ಈ ಮೂರನ್ನೂ ನಾನು ಹೋದ ಮನೆಯಲ್ಲೆಲ್ಲ ಬೇಡ ಎಂದು ಬಾಯಿ ನೋಯುವಷ್ಟು ಹೇಳಿಕೊಂಡು ಬಂದವಳು. ಚಳಿಗಾಲದಲ್ಲಿ ಈ ಊರಲ್ಲಿ ಹೊರಗೆಲ್ಲ ಹೊಗೆ, ಗಾಳಿ ತೊಳೆಯುವ ಯಂತ್ರ ಕೆಂಪು ದೀಪ ಹಾಕಿಕೊಂಡು ಬುಸುಗುಡುತ್ತಿರುತ್ತದೆ, ಅಂಥಾದ್ದರಲ್ಲಿ ಒಳಗೂ ಹೊಗೆ ಹಾಕು ಎನ್ನಲು ನನಗೆ ತಲೆ ಕೆಟ್ಟಿದೆಯೇ? ಆ ದಿನ ಕೂಸಿಗೆ ಎರೆದು ಮಲಗಿಸಿ, ಮೆಟ್ರೊ ಹತ್ತಿ ಜನಕಪುರಿಯ ನನ್ನ ಮನೆಗೆ ಬಂದೆ. ದಾರಿಯುದ್ದಕ್ಕೂ ಅಚ್ಚು ಹಾಕುವವನು ಏನೋ ಅದಲುಬದಲು ಮಾಡಿದ್ದಾನೆ ಎಂದೇ ಅಂದುಕೊಂಡಿದ್ದೆ. ಆ ಹುಡುಗಿಯ ಮೇಲೆ ಅನುಮಾನವೇ ಬರಲಿಲ್ಲ.

ಆ ಹುಡುಗಿ ಯಾರೆಂದು ಹೇಳಬೇಕು. ಬಾಣಂತನ ಮಾಡುವುದು ನನ್ನ ಕೆಲಸ. ತವರಿನಿಂದ ತಾಯಿ ಬರಲಾಗದ ಕನ್ನಡದ ಹೆಣ್ಣುಮಕ್ಕಳ ಮನೆಗೆ ಹೋಗುತ್ತೇನೆ. ಈ ಹುಡುಗಿಗೆ ತಾಯಿಯೇ ಇರಲಿಲ್ಲ. ಗುರುಗ್ರಾಮದಲ್ಲಿ ದೊಡ್ಡ ಕೆಲಸ, ಮಗು ಹುಟ್ಟಿದಾಗ ಎತ್ತಿಕೊಳ್ಳಲೂ ಬರುತ್ತಿರಲಿಲ್ಲ. ನಾನು ಕೆಲಸ ಮಾಡುವಾಗ ಬಾಯಿ ಮುಚ್ಚುವವಳಲ್ಲ. ಕೈ ಏನು ಮಾಡುತ್ತದೋ ಬಾಯಿ ಅದನ್ನು ಹೇಳುತ್ತಿರುತ್ತದೆ, ಬಾಣಂತಿ ಕೇಳಿ ಕಲಿಯುತ್ತಾಳೆ. ನಮ್ಮಲ್ಲಿ ಕಲಿಸುವುದೇ ಹಾಗೆ. ಅದರಲ್ಲೂ ಮಾಡು ಎನ್ನುವುದಕ್ಕಿಂತ ಬೇಡ ಎನ್ನುವುದೇ ಜಾಸ್ತಿ. ಮಾಡುವುದನ್ನು ಕೈ ನೋಡಿ ಕಲಿಯಬಹುದು, ಮಾಡಬಾರದ್ದನ್ನು ಬಾಯಿಂದಲೇ ಹೇಳಬೇಕು.

ಅವಳು ಇದನ್ನೆಲ್ಲ ಪುಸ್ತಕ ಮಾಡೋಣ ಎಂದಳು. ಓದು ಬಾರದವಳು ಪುಸ್ತಕ ಬರೆಯುವುದುಂಟೇ ಎಂದು ನಕ್ಕೆ. ನೀವು ಮಾತಾಡಿ ಅಜ್ಜಿ, ಫೋನೇ ಬರೆಯುತ್ತದೆ ಎಂದಳು. ಹಾಗೇ ಆಯಿತು. ನನ್ನ ಫೋನಿನಲ್ಲಿ ಒಂದು ಫೈಲು ಹಾಕಿಕೊಟ್ಟಳು. ಅದೇ ಫೈಲು ಅವಳ ಕಂಪ್ಯೂಟರಿನಲ್ಲೂ ಕಾಣುತ್ತದೆ, ನಾನಿಲ್ಲಿ ಆಡಿದ್ದು ಅವಳಿಗಲ್ಲಿ. ಮೈಕಿನ ಚಿತ್ರ ಒತ್ತಿ ಮಾತಾಡಿದರೆ ಅಕ್ಷರ ತಾನೇ ಮೂಡುತ್ತದೆ. ಬಾಲ್ಕನಿಯಲ್ಲಿ ಕೂತು ಹೇಳುತ್ತಾ ಹೋದೆ. ಫೋನಿಗೆ ಬುದ್ಧಿ ಇಲ್ಲ, ಎಲ್ಲವನ್ನೂ ಬರೆಯುತ್ತದೆ. ಕೂಸಿನ ಹೊಕ್ಕುಳ ಒರೆಸುವ ಮಾತಿನ ಮಧ್ಯದಲ್ಲಿ ಕೆಳಗಿನ ತರಕಾರಿ ಭಯ್ಯಾ ಕೂಗಿದ ‘ಆಲೂ ಲೇಲೋ’ ಕೂಡ ಬಂದಿತ್ತು. ಅವಳು ಅದನ್ನು ಓದಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ಮುಗಿದ ಮೇಲೆ ಒಂದು ಭಾನುವಾರ ಫೋನು ಮಾಡಿ, ಪೂರ್ತಿ ಓದಿ ಹೇಳಿದಳು. ನಾನು ಟೆರೇಸಿನ ಬಿಸಿಲಲ್ಲಿ ಬಟಾಣಿ ಸುಲಿಯುತ್ತ ಕೇಳಿದೆ. ನನ್ನ ಮಾತೇ, ಮೂರು ಬೇಡಗಳೂ ಸೇರಿ. ಸರಿಯಾಗಿದೆ ಮಗಳೇ, ಹಾಕು ಎಂದೆ. ಅವತ್ತೇ ಸಂಜೆ ವಾಟ್ಸಾಪಿಗೆ ಫೈಲು ಕಳಿಸಿ, ಇದೇ ಫೈನಲ್ ಎಂದಳು. ತೆರೆದು ನನ್ನ ಫೋಟೋ ನೋಡಿ ಮುಚ್ಚಿಟ್ಟೆ. ಓದಿ ಕೇಳಿಸಿದ ಮೇಲೆ ಇನ್ನೇನು ನೋಡುವುದು?

ದ್ವಾರಕಾದಿಂದ ಬಂದವಳು ಅವಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಮೀಟಿಂಗಿನಲ್ಲಿದ್ದೀನಿ ಅಜ್ಜಿ ಎಂದು ಮೆಸೇಜು ಬಂತು. ಸರಿ, ಮೊದಲು ಬೆಂಕಿ ಆರಿಸಬೇಕು ಎಂದು ನಮ್ಮ ಕನ್ನಡ ಹೆಂಗಸರ ವಾಟ್ಸಾಪ್ ಗುಂಪಿಗೆ ದನಿ ಕಳಿಸಿದೆ. ನನ್ನ ಹೆಸರಿನಲ್ಲಿ ಓಡಾಡುತ್ತಿರುವ ಪುಸ್ತಕ ನಂಬಬೇಡಿ, ಮೂಗಿಗೆ ಎಣ್ಣೆ ಬಿಡಬೇಡಿ, ಜೇನು ನೆಕ್ಕಿಸಬೇಡಿ ಎಂದೆ. ಕೆಲವರು ಕೈಮುಗಿದ ಚಿತ್ರ ಕಳಿಸಿದರು. ಒಬ್ಬಳು, ಆದರೆ ಪುಸ್ತಕದಲ್ಲಿ ನೀವೇ ಹೇಳಿದ್ದೀರಲ್ಲ ಎಂದು ಕೇಳಿದಳು. ಇನ್ನೊಬ್ಬಳು, ಅಜ್ಜಿಗೆ ವಯಸ್ಸಾಯಿತು, ಮರೆವು ಎಂದು ಯಾರಿಗೋ ಹೇಳಿದಳಂತೆ. ಅಚ್ಚಿನ ಮುಂದೆ ಬಾಯಿಮಾತು ನಿಲ್ಲುವುದಿಲ್ಲ. ನಾನು ಏನು ಹೇಳಿದ್ದೆನೋ ಅದು ಅಕ್ಷರದಲ್ಲೇ ಬೇಕಾಗಿತ್ತು.

ಅದಕ್ಕೇ ಮೇಲಿನ ಮನೆಯ ಸ್ಟೆನೊ ರಾಯರ ಹತ್ತಿರ ಹೋದೆ. ಕೇಂದ್ರ ಸರ್ಕಾರದಲ್ಲಿ ಸಾಹೇಬರುಗಳ ಮಾತು ಬರೆದುಕೊಂಡೇ ನಿವೃತ್ತರಾದವರು. ಒಂಟಿ ಮನುಷ್ಯ, ಮೂಗಿನ ತುದಿಯಲ್ಲಿ ಸಿಟ್ಟು. ನಮ್ಮಿಬ್ಬರಿಗೂ ನೀರಿನ ಮೋಟಾರಿನ ವಿಷಯಕ್ಕೆ ಮಾತು ಬಿಟ್ಟು ಬಹಳ ದಿನವಾಗಿತ್ತು. ಬಾಗಿಲು ತೆಗೆದು, "ಮೋಟಾರ್ ನಾನು ಹಾಕಿಲ್ಲ," ಎಂದರು.

"ಮೋಟಾರು ಸುಟ್ಟುಹೋಗಲಿ. ಇದನ್ನ ನೋಡಿ," ಎಂದು ಫೋನು ಮುಂದೆ ಹಿಡಿದೆ.

ರಾಯರು ಕನ್ನಡಕ ಹುಡುಕಿಕೊಂಡು ಕೂತರು. ಮೊದಲು ನನ್ನ ಫೋನಿನ ಹಳೆಯ ಫೈಲನ್ನೇ ತೆರೆದೆವು. ಮೊದಲಾದರೆ ಮುಟ್ಟಿದ ಕೂಡಲೇ ಕೆಳಗೆ ಅಕ್ಷರಮಣೆ ಏಳುತ್ತಿತ್ತು, ಮೈಕು ಬರುತ್ತಿತ್ತು. ಈಗ ಎಷ್ಟು ಮುಟ್ಟಿದರೂ ಏನೂ ಏಳಲಿಲ್ಲ. ಮೇಲೆ ಏನೋ ಬರೆದಿತ್ತು. ನಿಮಗೆ ನೋಡುವ ಅಧಿಕಾರ ಮಾತ್ರ ಇದೆ, ತಿದ್ದುವ ಅಧಿಕಾರ ತೆಗೆದಿದ್ದಾರೆ ಎಂದರು ರಾಯರು.

ನನ್ನದೇ ಮಾತನ್ನು ನಾನು ಮುಟ್ಟುವ ಹಾಗಿಲ್ಲ.

ರಾಯರು ತಿಳಿಸಿ ಹೇಳಿದರು. ಇಂಥ ಫೈಲು ತಾನು ಹಿಂದೆ ಹೇಗಿದ್ದೆ ಎನ್ನುವುದನ್ನೆಲ್ಲ ನೆನಪಿಟ್ಟುಕೊಂಡಿರುತ್ತದೆ. ಹೋದ ತಿಂಗಳು ಹೇಗಿತ್ತು, ಅದರ ಹಿಂದೆ ಹೇಗಿತ್ತು, ಯಾರು ಏನು ಅಳಿಸಿದರು, ಎಲ್ಲವೂ ಅದರೊಳಗೇ ಇರುತ್ತದೆ. ಬೇಕಾದ ದಿನದ ಪ್ರತಿಯನ್ನು ತೆಗೆದು ಓದಬಹುದು, ಅದನ್ನೇ ವಾಪಸ್ ನಿಲ್ಲಿಸಲೂಬಹುದು. ಆದರೆ ತಿದ್ದುವ ಅಧಿಕಾರ ಇದ್ದವರಿಗೆ ಮಾತ್ರ ಆ ಬಾಗಿಲು ತೆರೆಯುತ್ತದೆ, ಬರೀ ನೋಡುವವರಿಗೆ ಇಲ್ಲ.

ನೋಡೋಣ ಎಂದು ಆ ಫೈಲಿನ ಲಿಂಕನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ತೆರೆದರು. ಅಲ್ಲಿ ಇಲ್ಲಿ ಒತ್ತಿದರು. ಯಾವುದೋ ನೀಲಿ ಗುಂಡಿ ಒತ್ತಿಬಿಟ್ಟು, ಅಯ್ಯೋ ಎಂದರು. ಏನಾಯಿತು ಎಂದು ಕೇಳಿದರೆ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದ ಮೇಲೆ ಹೇಳಿದರು, ತಿದ್ದುವ ಅಧಿಕಾರ ಕೊಡಿ ಎಂದು ಫೈಲಿನ ಒಡತಿಗೆ ಅರ್ಜಿ ಹೋಯಿತಂತೆ, ರಾಯರ ಹೆಸರಿನಲ್ಲೇ.

"ಕಳ್ಳನ್ನ ಹಿಡಿಯೋಕೆ ಹೋಗಿ ಕರೆಗಂಟೆ ಒತ್ತಿದ ಹಾಗಾಯ್ತು," ಎಂದೆ.

ಊಟ ಮಾಡಿ ಮತ್ತೆ ಮಹಡಿ ಹತ್ತುವಷ್ಟರಲ್ಲಿ ಫೈಲು ನೋಡಲೂ ಸಿಗಲಿಲ್ಲ. ರಾಯರ ಲ್ಯಾಪ್‌ಟಾಪಿನಲ್ಲೂ ಇಲ್ಲ, ನನ್ನ ಫೋನಿನಲ್ಲೂ ಇಲ್ಲ. ಅನುಮತಿ ಇಲ್ಲ ಎನ್ನುವ ಬಿಳಿ ಪುಟ ಮಾತ್ರ. ಮೀಟಿಂಗಿನಲ್ಲಿದ್ದವಳಿಗೆ ನನ್ನ ಫೋನು ಎತ್ತಲು ಪುರುಸೊತ್ತಿರಲಿಲ್ಲ, ಬಾಗಿಲು ಹಾಕಲು ಇತ್ತು. ಅಚ್ಚು ಹಾಕುವವನ ಮೇಲಿನ ಅನುಮಾನ ಆಗ ಬಿಟ್ಟೆ.

ಉಳಿದದ್ದು ಎರಡು. ದ್ವಾರಕಾದ ಹುಡುಗ ಕಳಿಸಿದ ಪುಸ್ತಕದ ನಮೂನೆ ಒಂದು, ಅವಳು ಆ ಭಾನುವಾರ ವಾಟ್ಸಾಪಿಗೆ ಹಾಕಿದ ಫೈಲು ಇನ್ನೊಂದು. ಮೊದಲನೆಯದು ಪಿಡಿಎಫ್. ಅದು ಕಲ್ಲಿನಲ್ಲಿ ಕೆತ್ತಿದ ಹಾಗೆ, ಕೆರೆದರೆ ಕೆಳಗೆ ಇನ್ನೊಂದು ಅಕ್ಷರ ಸಿಗುವುದಿಲ್ಲ ಎಂದರು. ಎರಡನೆಯದು ವರ್ಡ್ ಫೈಲು. ಅದನ್ನು ನನ್ನ ಫೋನಿನಲ್ಲಿ ತೆರೆದು ಓದಿದರು. ಮೂಗಿಗೆ ಹನಿ, ನಾಲಗೆಗೆ ಜೇನು, ಕೋಣೆಗೆ ಹೊಗೆ. ಎರಡೂ ಒಂದೇ.

"ಇಷ್ಟೇ ಅಮ್ಮ. ಹೋದದ್ದು ಹೋಯಿತು. ಮತ್ತೆ ಹೇಳಿ, ನಾನು ಬರೆದುಕೊಳ್ತೀನಿ," ಎಂದರು.

ಮತ್ತೆ ಹೇಳಬಹುದಿತ್ತು. ಆದರೆ ಈಗ ಹೇಳಿದರೆ, ತಪ್ಪಾದ ಮೇಲೆ ಮುದುಕಿ ಮಾತು ತಿರುಗಿಸಿದಳು ಎನ್ನುತ್ತಾರೆ. ಆಗಲೇ ಹಾಗೆ ಹೇಳಿದ್ದೆ ಎನ್ನುವುದಕ್ಕೆ ಆಗಿನದೇ ಬೇಕು. ಅದಲ್ಲದೆ ಅವಳು ನನಗೆ ಓದಿ ಹೇಳಿದ್ದು ಆ ಭಾನುವಾರ, ಕಳಿಸಿದ್ದೂ ಅದೇ ಭಾನುವಾರ. ಓದಿದ್ದೊಂದು, ಕಳಿಸಿದ್ದೊಂದು ಹೇಗಾಗುತ್ತದೆ? ರಾಯರಿಗೆ ಇದನ್ನು ಹೇಳಿದೆ. ಅವರು ಆ ವರ್ಡ್ ಫೈಲನ್ನು ಫೋನಿನಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಂಡು, ದೊಡ್ಡದು ಮಾಡಿ ತೆರೆದರು.

ಓದುತ್ತಾ ಓದುತ್ತಾ ಬೆರಳು ನಿಂತಿತು. ಸಾಲುಗಳ ಪಕ್ಕದ ಖಾಲಿ ಜಾಗದಲ್ಲಿ ಅಲ್ಲಲ್ಲಿ ಸಣ್ಣ ಕೆಂಪು ಗೆರೆ. ಕೂದಲೆಳೆಯಷ್ಟು. ಫೋನಿನಲ್ಲಿ ಅದು ಕಂಡಿರಲಿಲ್ಲ. ರಾಯರು ಆ ಗೆರೆಯ ಮೇಲೆ ಒತ್ತಿದರು. ಪುಟವೆಲ್ಲ ಕೆಂಪಾಯಿತು. ಅಡ್ಡ ಗೆರೆ ಎಳೆದ ಸಾಲುಗಳು ಒಂದರ ಹಿಂದೆ ಒಂದು ಎದ್ದು ಬಂದವು. ದೊಡ್ಡ ಅಕ್ಷರ, ನನಗೂ ಕೂಡಿಸಲು ಆಯಿತು. ಬೇ, ಡ. ಬೇಡ. ಅದರ ಮೇಲೆ ಕೆಂಪು ಗೆರೆ.

ತಿದ್ದುವವರು ಏನು ತೆಗೆದರು, ಏನು ಸೇರಿಸಿದರು ಎಂದು ಗುರುತಿಡುವ ಏರ್ಪಾಡು ಅದರಲ್ಲಿದೆಯಂತೆ. ಅದನ್ನು ಹಾಕಿಕೊಂಡು ತಿದ್ದಿದ್ದಾರೆ. ಕೊನೆಗೆ ಗುರುತುಗಳನ್ನು ಒಪ್ಪಿ ಅಳಿಸಬೇಕಿತ್ತು. ಅಳಿಸುವ ಬದಲು ಕಣ್ಣಿಗೆ ಕಾಣದ ಹಾಗೆ ಮರೆ ಮಾಡಿ ಕಳಿಸಿದ್ದಾಳೆ. ನಮ್ಮ ಆಫೀಸಿನಲ್ಲಿ ಇಂಥದ್ದಕ್ಕೆ ಎಷ್ಟು ಸಾಹೇಬರು ಮರ್ಯಾದೆ ಕಳೆದುಕೊಂಡರು ಎಂದು ರಾಯರು ಹುರುಪಿನಿಂದ ಶುರು ಮಾಡಿದರು. ಹುರುಪಿನಲ್ಲೇ ಇನ್ನೊಂದು ಗುಂಡಿ ಒತ್ತಿದರು, ಎಲ್ಲ ತಿದ್ದುಪಡಿಯನ್ನೂ ತಿರಸ್ಕರಿಸು ಎನ್ನುವುದು. ಕೆಂಪೆಲ್ಲ ಮಾಯ. ಮೇಲಿನಿಂದ ಕೆಳಗೆ ನನ್ನ ಮಾತು ಮಾತ್ರ ನಿಂತಿತು, ಹೊಕ್ಕುಳ ಒರೆಸುವ ಕಡೆ ಆಲೂ ಲೇಲೋ ಸಮೇತ. ಉಳಿಸಿಯೂಬಿಟ್ಟರು, ಅದೇ ಹೆಸರಿನ ಮೇಲೆ.

ನನಗೂ ಸಂತೋಷವೇ ಆಯಿತು. ಆಮೇಲೆ, ಯಾರು ಯಾವತ್ತು ತಿದ್ದಿದ್ದು ಎಂದು ಕೇಳಿದೆ. ರಾಯರ ಮುಖ ಇಳಿಯಿತು. ಒಂದೊಂದು ಕೆಂಪು ಗುರುತಿನ ಜೊತೆಗೆ ತಿದ್ದಿದವರ ಹೆಸರೂ ದಿನವೂ ಇದ್ದವಂತೆ. ಗುರುತು ಹೋದಾಗ ಅವೂ ಹೋದವು. ಈಗ ಇದು ನನ್ನ ಹಳೆಯ ಮಾತು ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ, ಇವತ್ತು ಕೂತು ಹೇಳಿ ಬರೆಸಿದ ಹಾಗೇ ಕಾಣುತ್ತದೆ.

"ನಿಮ್ಮ ಇಲಾಖೆ ನಡೆದದ್ದು ಹೀಗೇನಾ ರಾಯರೇ?" ಎಂದೆ.

"ಮೂಲ ಪ್ರತಿ ಮುಟ್ಟಬಾರದು ಅಂತ ನಾನೇ ಎಷ್ಟು ಜನಕ್ಕೆ ಬೈದಿದ್ದೀನಿ ಗೊತ್ತಾ," ಎಂದು ತಲೆ ಮೇಲೆ ಕೈ ಇಟ್ಟುಕೊಂಡರು.

ಪುಣ್ಯಕ್ಕೆ ಅವರು ಕೆಡಿಸಿದ್ದು ಲ್ಯಾಪ್‌ಟಾಪಿಗೆ ಇಳಿಸಿಕೊಂಡದ್ದನ್ನು. ನನ್ನ ವಾಟ್ಸಾಪಿನಲ್ಲಿ ಕೆಂಪು ಗೆರೆಯದು ಹಾಗೇ ಕೂತಿತ್ತು. ಮತ್ತೆ ಇಳಿಸಿದರು. ಈ ಸಲ ಮೊದಲು ನಕಲು ತೆಗೆದು ಒಂದನ್ನು ಪೆನ್ ಡ್ರೈವಿಗೆ, ಒಂದನ್ನು ತಮ್ಮ ಇಮೇಲಿಗೆ ಹಾಕಿ, ಮೂರನೆಯದನ್ನು ಮಾತ್ರ ತೆರೆದರು. ತೆರೆದ ಮೇಲೂ ಕೈ ಮಡಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದರು. ಭಯ ಬಂದರೆ ಕೆಲಸ ಚೆನ್ನಾಗಿ ಆಗುತ್ತದೆ.

ಮಾರನೆಯ ದಿನದಿಂದ ದ್ವಾರಕಾದ ಕೆಲಸ ಮುಗಿಸಿ ಬಂದು, ಮಧ್ಯಾಹ್ನಗಳಲ್ಲಿ ಕೂತೆವು. ಒಂದೊಂದು ಕೆಂಪು ಗುರುತಿಗೂ ರಾಯರು ನಿಲ್ಲುತ್ತಿದ್ದರು. ನನ್ನದು ಏನಿತ್ತು, ಅವಳು ಏನು ಮಾಡಿದ್ದಾಳೆ, ಎರಡನ್ನೂ ಓದುತ್ತಿದ್ದರು. ಇರಲಿ ಎಂದರೆ ಅವಳದು ಇರುತ್ತಿತ್ತು, ತೆಗಿ ಎಂದರೆ ನನ್ನದು ವಾಪಸ್ ಬರುತ್ತಿತ್ತು. ಎಲ್ಲವೂ ಕೆಟ್ಟದ್ದೇನಲ್ಲ. ಆಲೂ ಲೇಲೋ ತೆಗೆದಿದ್ದಳು, ಇರಲಿ ಎಂದೆ. ಹೇಳಿದ್ದನ್ನೇ ಮೂರು ಸಲ ಹೇಳಿದ್ದೆ, ಒಂದು ಸಲಕ್ಕೆ ಇಳಿಸಿದ್ದಳು, ಇರಲಿ. ಅತ್ತೆಯರನ್ನು ಬೈದಿದ್ದೆ, ಅದನ್ನು ಅಳಿಸಿದ್ದಳು. ಅದು ಬೇಕಾಗಿತ್ತು, ಆದರೂ ಇರಲಿ ಎಂದೆ. ಹಾಗೆ ನೋಡಿದರೆ ಶ್ರದ್ಧೆಯಿಂದಲೇ ಕೂತು ತಿದ್ದಿದ್ದಾಳೆ. ಅದು ಇನ್ನೂ ಸಿಟ್ಟು ಬರಿಸಿತು. ಅಸಡ್ಡೆಯಿಂದ ಕೆಡಿಸಿದ್ದರೆ ಬೇರೆ ಮಾತು.

ಮೂಗಿನ ಎಣ್ಣೆಯ ಕಡೆ ಬಂದೆವು. ತಿದ್ದಿದ್ದು ಅವಳೇ. ಕಂಪನಿಯವನ ಹೆಸರು ಆಮೇಲೆ ಬರುತ್ತದೆ, ಎಣ್ಣೆಯ ಹೆಸರು ಸೇರಿಸಲು ಮಾತ್ರ. ಬೇಡ ಎನ್ನುವುದನ್ನು ಬಿಡಿ ಎಂದು ಮಾಡಿದ ಕೈ ಅವಳದು. ದಿನ ನೋಡಿದರು ರಾಯರು. ನನಗೆ ಓದಿ ಹೇಳಿದ ಭಾನುವಾರದ ಹಿಂದಿನ ವಾರ.

ಪಕ್ಕದಲ್ಲಿ ಸಣ್ಣ ಚೌಕದೊಳಗೆ ಇಂಗ್ಲಿಷಿನಲ್ಲಿ ಎರಡು ಸಾಲು ಇದ್ದವು. ರಾಯರು ಅದನ್ನು ದಾಟಿ ಮುಂದೆ ಹೋಗಲು ನೋಡಿದರು.

"ಅದೇನು?" ಎಂದೆ.

"ಏನಿಲ್ಲ ಅಮ್ಮ. ಅವರವರ ಮಾತು."

"ಓದಿ."

"ಬೇಕಾ?"

"ಓದಿ ಅಂದೆ."

ಓದಿ ಕನ್ನಡದಲ್ಲಿ ಹೇಳಿದರು. ಕಂಪನಿಯವನು ಕೇಳಿದ್ದಾನೆ, ಇದಕ್ಕೆ ಆ ಹೆಂಗಸು ಒಪ್ಪುತ್ತಾಳೆಯೇ ಎಂದು. ಅವಳು ಬರೆದಿದ್ದಾಳೆ, ಆಕೆಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳುತ್ತೇನೆ, ತೊಂದರೆ ಇಲ್ಲ.

ಹಾಗಾದರೆ ಅವಳು ಆವತ್ತು ಓದಿದ್ದು ಎಲ್ಲಿಂದ ಎಂದು ಕೇಳಿದೆ. ತಿದ್ದಿ ವಾರವಾಗಿತ್ತಲ್ಲ. ರಾಯರು ಮೆಲ್ಲಗೆ ಹೇಳಿದರು, ಫೈಲಿನ ಹಳೆಯ ಪ್ರತಿ ತೆಗೆದು ಓದಿದ್ದಾಳೆ ಎಂದು. ಯಾವ ಬಾಗಿಲು ತೆರೆಯಲು ನಾವಿಬ್ಬರು ಮುದುಕರು ಇಷ್ಟು ತಿಣುಕಿದೆವೋ, ಅದನ್ನು ಅವಳು ಕ್ಷಣದಲ್ಲಿ ತೆರೆದು, ನನ್ನ ಮಾತನ್ನು ನನಗೇ ಓದಿ, ಮತ್ತೆ ಮುಚ್ಚಿದ್ದಾಳೆ. ನಾನು ಬಟಾಣಿ ಸುಲಿಯುತ್ತ ಭೇಷ್ ಎಂದಿದ್ದೇನೆ. ಸುಳ್ಳು ಓದಿದ್ದರೆ ಎಲ್ಲಾದರೂ ತಡವರಿಸಿ ಸಿಕ್ಕಿಬೀಳುತ್ತಿದ್ದಳು. ನಿಜವನ್ನೇ ಓದಿ ಮೋಸ ಮಾಡಿದಳು. ನಾನು ಸೊಂಟಕ್ಕೆ ಪಟ್ಟಿ ಕಟ್ಟಿ ಎಬ್ಬಿಸಿ ಕೂರಿಸಿದವಳು ಅವಳು.

ರಾಯರು ಕುದಿಯುತ್ತಿದ್ದರು. ಈ ಕೆಂಪು ಫೈಲನ್ನು ಇಡೀ ಗುಂಪಿಗೆ ಹಾಕೋಣ, ಕಂಪನಿಯ ಮೇಲೆ ಗ್ರಾಹಕರ ಕೋರ್ಟಿಗೆ ಹೋಗೋಣ, ಕರಡು ನಾನೇ ಬರೆಯುತ್ತೇನೆ ಎಂದರು. ಅವರಿಗೆ ಬಹಳ ವರ್ಷದ ಮೇಲೆ ಕೆಲಸ ಸಿಕ್ಕಿತ್ತು. ಎಷ್ಟು ದಿನ ಹಿಡಿಯುತ್ತದೆ ಎಂದು ಕೇಳಿದೆ. ಕೋರ್ಟು ಎಂದ ಮೇಲೆ ವರ್ಷಗಳು ಎಂದರು. ಅಷ್ಟರಲ್ಲಿ ಪುಸ್ತಕ ಅಚ್ಚಾಗಿ, ಎಣ್ಣೆಯ ಡಬ್ಬಿಯ ಜೊತೆಗೆ ಮನೆಮನೆ ಸೇರಿರುತ್ತದೆ. ಪ್ರತಿ ಮನೆಯಲ್ಲೂ ನನ್ನ ಮುಖ ನೋಡಿ ಒಬ್ಬ ಅಪ್ಪ ಬಟ್ಟಲು ಹಿಡಿದು ಕೂತಿರುತ್ತಾನೆ. ನನಗೆ ಗೆಲ್ಲುವುದು ಬೇಕಾಗಿರಲಿಲ್ಲ, ಆ ಮೂರು ಬೇಡ ಬೇಕಾಗಿತ್ತು. ಅಚ್ಚಿನಲ್ಲೇ ಬೇಕಾಗಿತ್ತು. ಅದಕ್ಕೆ ಕೊಡಲು ನನ್ನ ಹತ್ತಿರ ಏನಿದೆ ಎಂದು ಒಂದು ದಿನವೆಲ್ಲ ಯೋಚಿಸಿದೆ. ಯೋಚಿಸಿಯೇ ಫೋನು ಮಾಡಿದೆ, ರಾಯರ ಮನೆಯಿಂದ, ರಾಯರ ಫೋನಿನಿಂದ. ಅಪರಿಚಿತ ನಂಬರು, ಎತ್ತಿದಳು.

"ನನ್ನ ಫೈಲು ಯಾಕೆ ಮುಚ್ಚಿದೆ?" ಎಂದೆ.

ಉಸಿರು ಕೇಳಿಸಿತು. "ಅಜ್ಜಿ... ಯಾರೋ ಗೊತ್ತಿಲ್ಲದವರ ರಿಕ್ವೆಸ್ಟ್ ಬಂದಿತ್ತು. ಸೇಫ್ಟಿಗೆ ಅಂತ."

"ಅದು ನಮ್ಮ ಮೇಲಿನ ಮನೆ ರಾಯರು. ನೀನು ಕಳಿಸಿದ ಫೈಲಿನಲ್ಲಿ ಕೆಂಪು ಗೆರೆ ಹಾಗೇ ಇದೆ. ಎಲ್ಲ ಓದಿಸಿದೆ. ಪಕ್ಕದಲ್ಲಿ ನೀನು ಬರೆದದ್ದೂ ಓದಿಸಿದೆ."

ಅತ್ತುಬಿಟ್ಟಳು. ಕಂಪನಿಯವರಿಲ್ಲದಿದ್ದರೆ ಪುಸ್ತಕವೇ ಆಗುತ್ತಿರಲಿಲ್ಲ ಎಂದಳು, ಬರೀ ಬೇಡ ಬೇಡ ಎಂದಿದ್ದರೆ ಯಾರೂ ಕೊಳ್ಳುವುದಿಲ್ಲ ಎಂದರಂತೆ, ನಿಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾಗಲಿ ಎಂದೇ ಮಾಡಿದ್ದು ಎಂದಳು. ಎಣ್ಣೆ ಬಿಡುವುದು ಹಳೆಯ ಕಾಲದಿಂದ ಎಲ್ಲರೂ ಮಾಡುವುದೇ ಅಲ್ಲವೇ ಎಂದೂ ಹೇಳಿದಳು. ಅಳು ಮುಗಿಯಲಿ ಎಂದು ಕಾದೆ.

"ನಿನ್ನ ಮಗನ ಮೂಗಿಗೆ ಬಿಟ್ಟೆಯಾ?"

"ಇಲ್ಲ."

"ಜೇನು?"

"ಇಲ್ಲ ಅಜ್ಜಿ. ನೀವು ಬೇಡ ಅಂದಿದ್ರಲ್ಲ."

ತಾನು ಏನು ಹೇಳಿದೆ ಎನ್ನುವುದು ಅವಳಿಗೇ ಕೇಳಿಸಿರಬೇಕು. ಆಮೇಲೆ ಅಳಲಿಲ್ಲ.

ನನ್ನ ಮಾತನ್ನು ಪೂರ್ತಿ ಮೊದಲಿನ ಹಾಗೆ ನಿಲ್ಲಿಸು ಎಂದೆ. ಆಗುವುದಿಲ್ಲ, ಕಂಪನಿಯ ಜೊತೆ ಅಗ್ರಿಮೆಂಟ್ ಆಗಿದೆ, ಪುಟ ಜೋಡಿಸಿಯಾಗಿದೆ, ಅಚ್ಚಿಗೆ ಹೊರಟಿದೆ ಎಂದಳು. ಈ ಉತ್ತರ ಬರುತ್ತದೆ ಎಂದು ಗೊತ್ತಿತ್ತು. ಹಾಗಾದರೆ ಕೇಳು ಎಂದೆ. ನನ್ನ ಹೆಸರು ತೆಗಿ, ಮುಖ ತೆಗಿ. ಪುಸ್ತಕ ಬರೆದವಳು ನೀನೇ ಎಂದು ಹಾಕಿಕೋ, ನಾನು ಎಲ್ಲೂ ಬಂದು ನನ್ನದು ಎನ್ನುವುದಿಲ್ಲ. ಅದಕ್ಕೆ ಬದಲು ಆ ಮೂರು ಜಾಗದಲ್ಲಿ ನಾನು ಹೇಳಿದ್ದೇ ಇರಬೇಕು, ಒಂದಕ್ಷರ ಆಚೀಚೆ ಆಗಬಾರದು. ಇಲ್ಲವಾದರೆ ನಾಳೆ ಬೆಳಿಗ್ಗೆ ಕೆಂಪು ಗೆರೆಯ ಫೈಲು ಗುಂಪಿಗೆ ಹೋಗುತ್ತದೆ, ಪಕ್ಕದ ಚೌಕದ ಸಮೇತ. ಹೆದರಿಸುತ್ತಿದ್ದೀರಾ ಅಜ್ಜಿ ಎಂದು ಕೇಳಿದಳು. ಹೌದು ಎಂದೆ. ಎದುರಿಗೆ ಕೂತಿದ್ದ ರಾಯರು, ಹೆಸರು ಬಿಡಬೇಡಿ ಎಂದು ಕೈ ಬೀಸುತ್ತಲೇ ಇದ್ದರು. ನಾನು ಆ ಕಡೆ ನೋಡಲಿಲ್ಲ.

ಒಪ್ಪಿದಳು. ಒಂದು ವಾರದ ಮೇಲೆ ತಿದ್ದಿದ ಫೈಲು ಬಂತು, ಈ ಸಲ ರಾಯರ ಇಮೇಲಿಗೆ. ಅವರು ಹೊಸದನ್ನೂ ನಮ್ಮ ಹಳೆಯದನ್ನೂ ಪಕ್ಕಪಕ್ಕ ಇಟ್ಟು, ಎರಡರ ಮಧ್ಯೆ ವ್ಯತ್ಯಾಸ ತೋರಿಸು ಎಂದು ಕಂಪ್ಯೂಟರಿಗೇ ಹೇಳಿದರು. ಮೂರು ಜಾಗದಲ್ಲೂ ಕೆಂಪು ಬರಲಿಲ್ಲ. ಬೇರೆ ಕಡೆಯೆಲ್ಲ ಬಂತು, ಪುಟಪುಟವೂ. ಅದನ್ನು ನೋಡುವುದು ಬೇಡ, ಮುಚ್ಚಿ ಎಂದೆ. ಸರಿ ಎಂದು ಕಳಿಸಿಬಿಟ್ಟರು. ಅಮ್ಮ, ನೀವು ಬಹಳ ಅಗ್ಗಕ್ಕೆ ಕೊಟ್ಟಿರಿ ಎಂದರು. ಅವರ ಸಿಟ್ಟು ನನ್ನ ಮೇಲೆ ತಿರುಗಿ ಎರಡು ದಿನ ಮಾತಾಡಲಿಲ್ಲ.

ಪುಸ್ತಕ ಚಳಿ ಮುಗಿಯುವ ಹೊತ್ತಿಗೆ ಬಂತು. ಕೊರಿಯರಿನವನು ಕೊಟ್ಟು ಹೋದ. ನುಣುಪು ಹಾಳೆ, ಒಳ್ಳೆಯ ಬಣ್ಣ. ಮೇಲೆ ಆ ಹುಡುಗಿಯ ಹೆಸರು ದೊಡ್ಡದಾಗಿದೆ, ಕೂಡಿಸಿ ಓದಿದೆ. ನನ್ನ ಫೋಟೋ ಇದ್ದ ಜಾಗದಲ್ಲಿ ಬೇರೆ ಯಾರೋ ಮುದುಕಿ. ಚಿನ್ನದ ಕಟ್ಟಿನ ಕನ್ನಡಕ, ಬಿಳಿ ಕೂದಲು ಅಚ್ಚುಕಟ್ಟಾಗಿ ಬಾಚಿದ್ದಾರೆ, ಕೈಗಳು ಹೂವಿನ ಹಾಗಿವೆ. ಜನ್ಮದಲ್ಲಿ ಒಂದು ಕೂಸಿಗೂ ಎರೆದ ಕೈಯಲ್ಲ ಅದು. ಒಳಗೆ ಎಣ್ಣೆ, ಲೇಹ್ಯ, ಅಜ್ಜಿಯ ಗುಟ್ಟು ಎಲ್ಲ ಹಾಗೇ ಇವೆ. ಹುಡುಕಿದೆ. ಹಳದಿ ಚೌಕದಲ್ಲಿ, ದಪ್ಪ ಅಕ್ಷರದಲ್ಲಿ, ನನಗೂ ಕೂಡಿಸಲು ಬರುವಷ್ಟು ದೊಡ್ಡದಾಗಿ ಇತ್ತು. ಕೂಸಿನ ಮೂಗಿಗೆ ಕಿವಿಗೆ ಎಣ್ಣೆ ಬಿಡಬೇಡ. ವರ್ಷ ತುಂಬುವ ತನಕ ಜೇನು ಬೇಡ. ಮುಚ್ಚಿದ ಕೋಣೆಯಲ್ಲಿ ಹೊಗೆ ಬೇಡ. ಅಕ್ಷರಕ್ಕೆ ಅಕ್ಷರ ನನ್ನದೇ. ಚೌಕದ ಮೇಲೆ ಏನೋ ಬರೆದಿತ್ತು, ಅದರಲ್ಲಿ ನನಗೆ ಗೊತ್ತಿಲ್ಲದ ಒತ್ತಕ್ಷರ, ಕೂಡಲಿಲ್ಲ. ಮಹಡಿ ಹತ್ತಿ ರಾಯರಿಗೆ ತೋರಿಸಿದೆ. ಅವರು ಓದಿದರು: ‘ತಜ್ಞರ ಸಲಹೆ.’

ಆ ಸಂಜೆ ಅವಳು ಫೋನು ಮಾಡಿದಳು. ಪುಸ್ತಕ ಸಿಕ್ಕಿತಾ ಎಂದು ಕೇಳಿದಳು. ಸಿಕ್ಕಿತು ಎಂದೆ. ನೋಡಿದಿರಾ, ಒಂದಕ್ಷರ ಬದಲಾಯಿಸಿಲ್ಲ ಎಂದಳು. ನೋಡಿದೆ ಎಂದೆ. ಮಗ ಈಗ ಓಡಾಡುತ್ತಾನೆ, ಬಂದು ನೋಡಿಕೊಂಡು ಹೋಗಿ ಎಂದಳು. ಪುಸ್ತಕವನ್ನು ಕಪಾಟಿನಲ್ಲಿಟ್ಟೆ.

"ಇನ್ನೂ ಕೋಪ ಇದೆಯಾ ಅಜ್ಜಿ?"

"ಇದೆ," ಎಂದೆ. ಫೋನು ಇಟ್ಟೆ.